ಏಳನೇ ಏರ್‌ಬ್ಯಾಗ್

ನಮ್ಮ ಭಾಮೈದ ಹೊಸ ಕಾರು ತಗೊಂಡ. ಅದಕ್ಕೂ ಮುಂಚೆ ತುಮಕೂರಿನ ಶೋರೂಮುಗಳನ್ನೆಲ್ಲ ಸುತ್ತಿದ. ಬಾಲದ ಹಾಗೆ ಹಿಂದೆ ನಾನು. ಎಲ್ಲ ಕಡೆ ಅವನದು ಒಂದೇ ಪ್ರಶ್ನೆ, "ಏರ್‌ಬ್ಯಾಗ್ ಎಷ್ಟಿದೆ?" ಎರಡು ಅಂದರೆ ಹುಡುಗಿ ನೋಡಲು ಹೋಗಿ ಜಾತಕ ಕೂಡದವನ ಹಾಗೆ ಎದ್ದು ಬರುತ್ತಿದ್ದ. ಆರು ಅಂದ ಕಡೆ ಕುರ್ಚಿ ಎಳೆದುಕೊಂಡು ಕೂತ. ಅವರು ಕೊಟ್ಟ ಕಾಫಿ ಕುಡಿದ.

"ಮಗು ಇದೆ ಭಾವ. ಸೇಫ್ಟಿ ವಿಷಯದಲ್ಲಿ ನಾನು ರಾಜಿ ಆಗಲ್ಲ" ಅಂದ.

ಈ ವಿಷಯದಲ್ಲಿ ಅವನು ಸರ್ಕಾರಕ್ಕಿಂತ ಗಟ್ಟಿ. ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಕಾರುಗಳಿಗೆ ಆರು ಏರ್‌ಬ್ಯಾಗ್ ಕಡ್ಡಾಯ ಅಂತ ಕರಡು ಹೊರಡಿಸಿತು. ಅಕ್ಟೋಬರಿನಿಂದ ಜಾರಿ ಅಂದಿತು. ಅಕ್ಟೋಬರ್ ಬರುವಷ್ಟರಲ್ಲಿ, ಈ ಅಕ್ಟೋಬರ್ ಅಲ್ಲ, 2023ರ ಅಕ್ಟೋಬರ್ ಅಂದಿತು. ಅದೂ ಹತ್ತಿರ ಬಂದಾಗ ಸಚಿವ ನಿತಿನ್ ಗಡ್ಕರಿಯವರು ಕಡ್ಡಾಯವೇನೂ ಮಾಡಲ್ಲ ಅಂದುಬಿಟ್ಟರು. ಭಾಮೈದ ಹಾಗಲ್ಲ. ಆರು ಅಂದರೆ ಆರು.

ಶೋರೂಮಿನ ಹುಡುಗ ಒಂದು ಕಾಗದ ತೋರಿಸಿದ. ಕಾರು ಎಷ್ಟು ಸೇಫ್ ಅಂತ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್, ಮಕ್ಕಳ ರಕ್ಷಣೆಗೂ ಐದು ಸ್ಟಾರ್. ಭಾಮೈದನ ಕಣ್ಣಲ್ಲಿ ಹತ್ತು ಸ್ಟಾರ್ ಹೊಳೆದವು. ಆ ಪರೀಕ್ಷೆಯಲ್ಲಿ ಒಂದೂವರೆ ವರ್ಷದ ಮಗುವಿನಷ್ಟು ದೊಡ್ಡ ಗೊಂಬೆ ಒಂದನ್ನು, ಮೂರು ವರ್ಷದ್ದು ಇನ್ನೊಂದನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಸುಮ್ನೆ ಅಲ್ಲ, ಮಕ್ಕಳಿಗೆಂದೇ ಮಾಡಿದ ಸೀಟಿನಲ್ಲಿ, ಬೆಲ್ಟ್ ಬಿಗಿದು. ಆಮೇಲೆ ಕಾರನ್ನು ಗುದ್ದಿಸುತ್ತಾರೆ. ಅಂದರೆ ಆ ಐದು ಸ್ಟಾರ್ ಬಂದದ್ದು ಕಟ್ಟಿ ಕೂರಿಸಿದ ಗೊಂಬೆಗೆ. ಅಜ್ಜಿಯ ತೊಡೆಗೆ ಇನ್ನೂ ಯಾರೂ ಸ್ಟಾರ್ ಕೊಟ್ಟಿಲ್ಲ.

"ಮಕ್ಕಳ ಸೀಟು ತಗೋತೀಯಾ?" ಅಂತ ಕೇಳಿದೆ.

"ಎಷ್ಟು?"

"ಏಳೆಂಟು ಸಾವಿರ ಆಗಬಹುದು."

"ಎರಡು ವರ್ಷಕ್ಕೆ ಚಿಕ್ಕದಾಗುತ್ತೆ ಭಾವ. ಸುಮ್ನೆ ದುಡ್ಡು ದಂಡ" ಅಂದ. ಆಮೇಲೆ ಅಲಾಯ್ ವೀಲ್, ಬಾಗಿಲು ತೆಗೆದರೆ ನೆಲಕ್ಕೆ ಬೆಳಕು ಬಿಡುವ ಲೈಟು, ಕಪ್ಪು ಬಣ್ಣದ ಸೀಟ್ ಕವರ್ ಹಾಕಿಸಿದ. ಹಿಂದಿನ ಗಾಜಿಗೆ 'ಬೇಬಿ ಆನ್ ಬೋರ್ಡ್' ಅನ್ನುವ ಹಳದಿ ಸ್ಟಿಕ್ಕರ್ ಕೂಡ ಬಂತು. ಕಾರಿನಲ್ಲಿ ಮಗು ಇದೆ ಅಂತ ಈಗ ಹಿಂದೆ ಬರುವ ಲಾರಿಯವನಿಗೆ ಗೊತ್ತು.

ಸೀಟ್ ಕವರಿನ ಕಥೆ ಇನ್ನೊಂದು ಥರ. ಆರು ಏರ್‌ಬ್ಯಾಗ್‌ನಲ್ಲಿ ಎರಡು ಮುಂದೆ, ಎರಡು ಪಕ್ಕದ ಗಾಜಿನ ಮೇಲೆ ಪರದೆಯ ಹಾಗೆ ಇಳಿಯುವಂಥವು. ಉಳಿದೆರಡು ಮುಂದಿನ ಸೀಟುಗಳ ಪಕ್ಕದಲ್ಲೇ ಅಡಗಿರುತ್ತವೆ. ಸೀಟಿನ ಹೊಲಿಗೆ ಹರಿದುಕೊಂಡು ಹೊರಗೆ ಬರಬೇಕು. ಅದರ ಮೇಲೆ ಇವನು ದಪ್ಪ ರೆಕ್ಸಿನ್ ಹೊದಿಸಿ, ಎರಡೆಳೆ ದಾರದಲ್ಲಿ ಗಟ್ಟಿ ಹೊಲಿಸಿದ. ಆರರಲ್ಲಿ ಎರಡು ಅಲ್ಲೇ ಮಲಗಿದವು. ಹಿಂದಿನ ಸೀಟಿನ ಬೆಲ್ಟ್ ಸಿಕ್ಕಿಸುವ ಕೊಂಡಿಗಳೂ ಕವರಿನ ಅಡಿಗೆ ಹೋದವು. ಇದು ನನಗೆ ಹೇಗೆ ಗೊತ್ತು ಅಂದರೆ, ಹಿಂದೆ ಕೂತವನು ನಾನೇ. ಕೈ ಹಾಕಿ ಎರಡು ಸಲ ತಡಕಾಡಿದೆ. ಸಿಗಲಿಲ್ಲ. ಬಿಟ್ಟೆ.

ಮುಂದಿನ ಬೆಲ್ಟ್ ಹಾಕದಿದ್ದರೆ ಕಾರು ಕುಂಯ್ ಕುಂಯ್ ಅನ್ನುತ್ತದಲ್ಲ, ಅದಕ್ಕೂ ಮದ್ದು ಸಿಕ್ಕಿತು. ಕವರ್ ಹೊಲಿದ ಅಂಗಡಿಯವನೇ ಒಂದು ಸಣ್ಣ ಕ್ಲಿಪ್ ಕೊಟ್ಟ. ಬೆಲ್ಟಿನ ಜಾಗಕ್ಕೆ ಅದನ್ನು ಸಿಕ್ಕಿಸಿದರೆ ಕಾರು ತೆಪ್ಪಗಾಗುತ್ತದೆ. ಈ ಕ್ಲಿಪ್ಪಿನ ಮಹಿಮೆ ದೊಡ್ಡದು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಇದನ್ನು ಮಾರಬೇಡಿ ಅಂತ ಆದೇಶ ಕೊಡಬೇಕಾಯಿತು. ಆಗ ತೆಗೆದು ಹಾಕಿದ ಮಾರಾಟದ ಪುಟಗಳೇ 13,118. ಕೆಲವರು ಇದನ್ನು ಬಾಟಲಿ ಮುಚ್ಚಳ ತೆಗೆಯುವ ಸಾಧನ ಅಂತ ಹೇಳಿ ಮಾರುತ್ತಿದ್ದರಂತೆ. ಹಾಗೆ ಹೇಳಿದ್ದರಲ್ಲಿ ಅಂಥ ತಪ್ಪೇನೂ ಇಲ್ಲ. ತಲೆಬುರುಡೆಯೂ ಒಂದು ಮುಚ್ಚಳವೇ ಅಲ್ವಾ.

ಏರ್‌ಬ್ಯಾಗ್ ಮೇಲೆ ಎಸ್‌ಆರ್‌ಎಸ್ ಅಂತ ಬರೆದಿರುತ್ತದೆ. ಮೊದಲ ಅಕ್ಷರದ ಅರ್ಥ 'ಪೂರಕ'. ಬೆಲ್ಟಿಗೆ ಪೂರಕ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಉಪ್ಪಿನಕಾಯಿ. ಅನ್ನ ಅಂದರೆ ಬೆಲ್ಟ್. ಈಗಿನ ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ. ಕಂಪನಿ ಪೇಟೆಂಟ್ ದುಡ್ಡು ಕೇಳದೆ ಬೇರೆ ಕಾರಿನವರಿಗೂ ಬಿಟ್ಟುಕೊಟ್ಟಿತು. ಬಿಟ್ಟಿ ಸಿಕ್ಕಿದ್ದಕ್ಕೋ ಏನೋ ನಮ್ಮಲ್ಲಿ ಅದಕ್ಕೆ ಬೆಲೆ ಇಲ್ಲ. ಎಲೆ ತುಂಬ ಆರು ಬಗೆ ಉಪ್ಪಿನಕಾಯಿ, ಅನ್ನ ಮಾತ್ರ ಬೇಡ.

ಭಾನುವಾರ ಹೊಸ ಕಾರಿನಲ್ಲಿ ದೇವರಾಯನದುರ್ಗಕ್ಕೆ ಹೊರಟೆವು. ದಾರಿಯಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವುದು ಅಂತ ಮೊದಲೇ ತೀರ್ಮಾನವಾಗಿತ್ತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ ಮೇಲೆ ಅರಿಶಿನ ಕುಂಕುಮ, ಬೂದುಗುಂಬಳ, ಎಲ್ಲ ಮನೆ ಮುಂದೆಯೇ ಆಯಿತು. ನಮ್ಮ ಅತ್ತೆ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಕೂರಿಸಲು ಜಾಗ ಹುಡುಕಿದರು. ಎಡಗಡೆ ಚೌಕಾಕಾರದ ಸಣ್ಣ ಗೀರು, ಅದರ ಮೇಲೆ ಇಂಗ್ಲಿಷ್ ಅಕ್ಷರ. "ಇಲ್ಲೇ ಜಾಗ ಬಿಟ್ಟಿದಾರೆ ನೋಡಪ್ಪ, ದೇವರಿಗೆ ಅಂತಲೇ" ಅಂದರು. ಭಾಮೈದ ಎರಡೂ ಕಡೆ ಅಂಟುವ ಟೇಪ್ ಹಾಕಿ, ಹಿತ್ತಾಳೆ ಗಣಪತಿಯನ್ನು ಅಲ್ಲೇ ಒತ್ತಿ ಕೂರಿಸಿದ. ಅದು ಎಡಗಡೆ ಕೂತವರ ಏರ್‌ಬ್ಯಾಗ್ ಮುಚ್ಚಳ. ಗುದ್ದಿದರೆ ಅದು ಸಿಡಿದು ತೆರೆದುಕೊಳ್ಳುವ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು. ಗಣಪತಿ ವಿಘ್ನ ನಿವಾರಕ, ನಿಜ. ಆದರೆ ಆ ವೇಗದಲ್ಲಿ ಮುಖಕ್ಕೇ ಬಂದರೆ ವಿಘ್ನದ ಜೊತೆ ಭಕ್ತನೂ ನಿವಾರಣೆ ಆಗುತ್ತಾನೆ.

ಆ ಗಣಪತಿಯ ಎದುರಿಗೆ ಅತ್ತೆ ಕೂತರು. ಅವರ ತೊಡೆಯ ಮೇಲೆ ಪುಟ್ಟ. ನಾಲ್ಕು ವರ್ಷ, ಹದಿನೈದು ಕೆ.ಜಿ.

ಏರ್‌ಬ್ಯಾಗ್ ಅಂದರೆ ಹತ್ತಿ ದಿಂಬು ಅಂತ ನಮ್ಮ ಜನ ತಿಳಿದಿದ್ದಾರೆ. ಅದು ನೈಲಾನ್ ಚೀಲ. ಹಿಂದೆ ಒಂದು ಸಣ್ಣ ಸಿಡಿಮದ್ದು. ಗುದ್ದಿದ ತಕ್ಷಣ ಮದ್ದು ಹತ್ತಿ, ಗ್ಯಾಸ್ ಹುಟ್ಟಿ, ಚೀಲ ಉಬ್ಬುತ್ತದೆ. ಒಂದು ಸೆಕೆಂಡಿನ ಮೂವತ್ತನೇ ಭಾಗದಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂತೀವಲ್ಲ, ಅದಕ್ಕಿಂತ ಬೇಗ. ಬೆಲ್ಟ್ ಹಾಕಿ ಹಿಂದಕ್ಕೆ ಒರಗಿ ಕೂತ ದೊಡ್ಡವರ ಎದೆಗೆ ಲೆಕ್ಕ ಹಾಕಿ ಮಾಡಿದ್ದು ಅದು. 1990ರ ದಶಕದಲ್ಲಿ ಅಮೆರಿಕದಲ್ಲಿ ಕಾರು ಸ್ವಲ್ಪ ನೆಗ್ಗಿದಂಥ ಗುದ್ದಿನಲ್ಲೂ ಮುಂದೆ ಕೂತ ಮಕ್ಕಳು ಏರ್‌ಬ್ಯಾಗ್ ಹೊಡೆತಕ್ಕೇ ಸತ್ತರು. ಆಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿದರು, ಮಕ್ಕಳನ್ನು ಹಿಂದೆ ಕೂರಿಸಿ ಅಂತ ಊರೆಲ್ಲ ಸಾರಿದರು.

ಇದೇ ಭಾಮೈದನನ್ನು ದೀಪಾವಳಿಯಲ್ಲಿ ನೋಡಬೇಕು. ಸುರುಸುರು ಬತ್ತಿ ಹಚ್ಚಿದರೂ ಮಗನ ಕೈಯನ್ನು ತಾನೇ ಹಿಡಿದು ಒಂದು ಮಾರು ದೂರ ಚಾಚಿಸುತ್ತಾನೆ. ಪಕ್ಕದ ಮನೆಯವರು ಲಕ್ಷ್ಮಿ ಪಟಾಕಿ ಹಚ್ಚಿದರೆ ಮಗುವನ್ನು ಎತ್ತಿಕೊಂಡು ಒಳಗೆ ಓಡುತ್ತಾನೆ. ಆ ಮಗುವನ್ನು ಈಗ ಪಟಾಕಿಯ ಬಾಯಿಗೆ ಎದುರಾಗಿ, ಹಿತ್ತಾಳೆ ಗಣಪತಿಯ ಸಮೇತ ಕೂರಿಸಿದ್ದಾನೆ. "ಅಮ್ಮ ಗಟ್ಟಿಯಾಗಿ ಹಿಡಿದಿರುತ್ತಾರೆ ಭಾವ" ಅನ್ನುತ್ತಾನೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಏನಕ್ಕಾದರೂ ಗುದ್ದಿ ನಿಂತರೆ ಆ ಗಳಿಗೆಯಲ್ಲಿ ಮಗುವಿನ ಭಾರ ಇಪ್ಪತ್ತು ಪಟ್ಟಾದರೂ ಆದಂತೆ. ಹದಿನೈದು ಕೆ.ಜಿ. ಪುಟ್ಟ ಮೂರು ಕ್ವಿಂಟಾಲ್. ನಮ್ಮ ಅತ್ತೆ ಅರ್ಧ ಮೂಟೆ ರಾಗಿ ಎತ್ತಲೂ ಪಕ್ಕದ ಮನೆ ಹುಡುಗನನ್ನು ಕರೆಯುತ್ತಾರೆ. ಹಾಗಾಗಿ ಅವರು ಮಗುವನ್ನು ಹಿಡಿಯುವುದಿಲ್ಲ. ಚೀಲಕ್ಕೂ ಅವರಿಗೂ ನಡುವೆ ಮಗುವೇ ಅಡ್ಡ ಇರುತ್ತದೆ. ಕಂಪನಿ ಕೊಟ್ಟದ್ದು ಆರು. ಏಳನೆಯದನ್ನು ನಾವು ಮನೆಯಿಂದ ತಂದಿದ್ದೆವು.

ಈ ವಿಷಯ ಕಂಪನಿಯವರು ಹೇಳಿಲ್ಲ ಅನ್ನುವ ಹಾಗಿಲ್ಲ. ಎಡಗಡೆ ಬಿಸಿಲು ಮರೆಗೆ ಮಡಚುವ ಹಲಗೆಯ ಮೇಲೆ ಚಿತ್ರವೇ ಇದೆ. ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟಿನಲ್ಲಿ ಮಗು, ಅದಕ್ಕೆ ಬಡಿಯುತ್ತಿರುವ ಚೀಲ, ಅಡ್ಡ ಗೀಟು. ಭಾಮೈದ ಅದನ್ನೂ ನೋಡಿದ್ದ. "ನೋಡಿ, ಮಗುವಿಗೂ ಏರ್‌ಬ್ಯಾಗ್ ಇದೆ ಅಂತ ಹಾಕಿದಾರೆ" ಅಂದ. ಆ ಅಡ್ಡ ಗೀಟು ಏನು ಅಂತ ಕೇಳಿದೆ. "ಡಿಸೈನ್ ಇರಬೇಕು."

ಊರೊಳಗೆ ಇರುವಷ್ಟು ಹೊತ್ತು ಹೀಗೆ. ಖಾಲಿ ರಸ್ತೆ ಸಿಕ್ಕ ತಕ್ಷಣ ಪುಟ್ಟ ಅಪ್ಪನ ತೊಡೆಗೆ ವರ್ಗವಾದ. ಸ್ಟೀರಿಂಗ್ ಹಿಡಿಯಬೇಕಂತೆ. ಅದರೊಳಗೂ ಒಂದು ಏರ್‌ಬ್ಯಾಗ್ ಇದೆ. ದೊಡ್ಡವರೇ ಸ್ಟೀರಿಂಗ್‌ನಿಂದ ಎದೆ ಒಂದು ಗೇಣಿಗಿಂತ ಜಾಸ್ತಿ ದೂರ, 25 ಸೆಂ.ಮೀ. ಆದರೂ ಇರುವ ಹಾಗೆ ಕೂರಬೇಕು ಅನ್ನುತ್ತಾರೆ. ಪುಟ್ಟನ ಮೂಗು ಹಾರ್ನಿಗೆ ತಾಗುತ್ತಿತ್ತು. ಹಾರ್ನ್ ಆಗಿದ್ದೂ ಮೂಗಿನಿಂದಲೇ. ಅತ್ತೆ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ನಮಸ್ಕಾರ, ಹೃದಯ, ದೃಷ್ಟಿ ತೆಗೀರಿ ಅನ್ನುವ ಸಲಹೆ ಎಲ್ಲ ಬಂದವು.

ದಾರಿಯಲ್ಲೊಂದು ಕಡೆ ಪೊಲೀಸರು ನಿಂತಿದ್ದರು. ಭಾಮೈದ ದೂರದಿಂದಲೇ ನೋಡಿ, ಮಗುವನ್ನು ಅಜ್ಜಿಗೆ ದಾಟಿಸಿದ. ಬೆಲ್ಟನ್ನು ಎಳೆದು ಶಲ್ಯದ ಹಾಗೆ ಹೆಗಲ ಮೇಲೆ ಹೊದ್ದುಕೊಂಡ. ಸಿಕ್ಕಿಸಲಿಲ್ಲ. ಸಿಕ್ಕಿಸುವ ಜಾಗದಲ್ಲಿ ಕ್ಲಿಪ್ ಇತ್ತಲ್ಲ. ತುದಿಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಹಾರ ಹಾಕಿಸಿಕೊಂಡ ಅಧ್ಯಕ್ಷರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ನಿನಲ್ಲಿ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂ. ದಂಡ ಅಂತ ಇದೆ. ಪೊಲೀಸಪ್ಪ ಬಗ್ಗಿ ಒಳಗೆ ನೋಡಿದರು. ಶಲ್ಯ ನೋಡಿದರು. ಪುಟ್ಟನನ್ನೂ ನೋಡಿದರು. ಕೈ ಒಳಗೆ ಹಾಕಿದರು.

ಕೆನ್ನೆ ಚಿವುಟಿ, "ಏನ್ ಮರಿ, ಎಲ್ಲಿಗೆ ಹೊರಟೆ?" ಅಂದರು.

"ದುರ್ಗಕ್ಕೆ" ಅಂದ ಪುಟ್ಟ. ಬಿಟ್ಟರು. ನಾನು ಹಿಂದೆ ಬೆಲ್ಟ್ ಇಲ್ಲದೆ ಅವರಿಗೊಂದು ನಮಸ್ಕಾರ ಹಾಕಿದೆ.

ಕ್ಯಾತ್ಸಂದ್ರದಲ್ಲಿ ಕಾರು ನಿಲ್ಲಿಸಿದಾಗ ಪುಟ್ಟನ ಚಕ್ಕುಲಿ ಹಿಂದಿನ ಸೀಟಿನ ಸಂದಿಗೆ ಬಿತ್ತು. ತೆಗೆಯಲು ಭಾಮೈದ ಕವರ್ ಎತ್ತಿ ಕೈ ಹಾಕಿದ. "ಇದೇನು ಭಾವ, ಒಳಗೆ ಕಂಬಿ ಇದೆ" ಅಂದ. ಬಗ್ಗಿ ನೋಡಿದೆ. ಬೆನ್ನು ಒರಗುವ ಭಾಗಕ್ಕೂ ಕೂರುವ ಭಾಗಕ್ಕೂ ನಡುವೆ ಪೆನ್ಸಿಲ್ ದಪ್ಪದ ಎರಡು ಕಬ್ಬಿಣದ ಬಳೆ. ಐಸೋಫಿಕ್ಸ್ ಅನ್ನುವುದು ಅದೇ. ಮಕ್ಕಳ ಸೀಟು ತಂದು ಅದಕ್ಕೆ ಟಕ್ ಅಂತ ಸಿಕ್ಕಿಸಿದರೆ ಆಯಿತು. ಕಾರಿನವರು ಪುಟ್ಟನಿಗಾಗಿ ಜಾಗ ಮಾಡಿ, ಕಬ್ಬಿಣ ಬೆಸೆದು, ಕಾಯುತ್ತಾ ಕೂತಿದ್ದರು. ಹೇಳಿದೆ. ಭಾಮೈದ ನಿಜಕ್ಕೂ ಯೋಚನೆ ಮಾಡಿದ. ಆಮೇಲೆ ತಟ್ಟೆ ಇಡ್ಲಿ ಪಾರ್ಸಲ್ ಇದ್ದ ಕೈಚೀಲವನ್ನು ಆ ಕಂಬಿಗೆ ಕಟ್ಟಿದ. "ಘಾಟಿಯಲ್ಲಿ ಚಟ್ನಿ ಚೆಲ್ಲಬಾರದು ನೋಡಿ."

ಆ ಚಟ್ನಿ ಇಡೀ ದಾರಿ ಅಲ್ಲಾಡಲಿಲ್ಲ. ಕಾರಿನಲ್ಲಿ ನಿಯಮದ ಪ್ರಕಾರ ಪ್ರಯಾಣ ಮಾಡಿದ್ದು ಅದೊಂದೇ.

ದುರ್ಗದ ತಿರುವು ಶುರುವಾದಾಗ ಪುಟ್ಟ ಮೇಲಿನ ಗಾಜು ತೆಗೆಸಿ, ಎದೆಯವರೆಗೆ ಹೊರಗೆ ಬಂದು ನಿಂತ. ಕೈಯಲ್ಲಿ ಪೂಜೆಗೆ ತಂದ ಬಾಳೆಹಣ್ಣು. ಕೆಳಗೆ ಅಜ್ಜಿ ಅವನ ಚಡ್ಡಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ರಸ್ತೆ ಪಕ್ಕದ ಕಟ್ಟೆ ಮೇಲೆ ಕೋತಿಗಳ ಸಾಲು. ಒಂದು ತಾಯಿ ಕೋತಿ ಕಟ್ಟೆಯಿಂದ ಕೊಂಬೆಗೆ, ಕೊಂಬೆಯಿಂದ ಕಟ್ಟೆಗೆ ಹಾರುತ್ತಿತ್ತು. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ನಾಲ್ಕೂ ಕೈಕಾಲಲ್ಲಿ ಎಷ್ಟು ಬಿಗಿಯಾಗಿ ಅಂದರೆ, ತಾಯಿ ತಲೆಕೆಳಗಾದರೂ ಮರಿ ಒಂದಿಂಚು ಜಾರಲಿಲ್ಲ. ಹಿರಿಯರು ಹೇಳುತ್ತಿದ್ದ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ನೆನಪಾಯಿತು. ಕೋತಿಯಾದರೆ ಮರಿಯೇ ತಾಯಿಯನ್ನು ಹಿಡಿಯುತ್ತದೆ. ಬೆಕ್ಕಾದರೆ ತಾಯಿಯೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ನಮ್ಮ ಕಾರಿನಲ್ಲಿದ್ದದ್ದು ಮೂರನೇ ನ್ಯಾಯ. ಚಡ್ಡಿ ನ್ಯಾಯ.

ತಾಯಿ ಕೋತಿ ಬಾಳೆಹಣ್ಣು ನೋಡಿತು. ಬಾನೆಟ್ ಮೇಲೆ ಧೊಪ್ಪನೆ ಬಿತ್ತು. ಭಾಮೈದ ಗಾಬರಿಯಾಗಿ ಬ್ರೇಕ್ ಮೇಲೆ ಕಾಲಿಟ್ಟು ಕೂಗಿದ, "ಪುಟ್ಟಾ, ಗಟ್ಟಿಯಾಗಿ ಹಿಡ್ಕೋ!"

ಮೇಲಿನಿಂದ ಪುಟ್ಟನ ದನಿ ಬಂತು.

"ಏನನ್ನ ಅಪ್ಪಾ?"