ರೋ ಹೌಸ್ ಕೊಂಡರೆ ನೆಲವೆಲ್ಲ ನಿಮ್ಮದೇ?

'ರೋ ಹೌಸ್ ಕೊಂಡರೆ ಕೆಳಗಿನ ನೆಲ ಪೂರ್ತಿ ನಿಮ್ಮದು, ಮೇಂಟೆನೆನ್ಸ್ ಕಟ್ಟಬೇಕಿಲ್ಲ' ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ರೋ ಹೌಸ್ ಎಂದರೆ ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡು ಸಾಲಾಗಿ ಕಟ್ಟಿದ ಮನೆ. ಸಂದೇಶ ಅರ್ಧ ಸತ್ಯ.

ಉತ್ತರ ಇರುವುದು ಕ್ರಯಪತ್ರದಲ್ಲಿ ಆಸ್ತಿಯ ವಿವರ ಬರೆಯುವ ಭಾಗವಾದ ಷೆಡ್ಯೂಲ್‌ನಲ್ಲಿ. ನಿಮ್ಮ ಮನೆಗೇ ಪ್ರತ್ಯೇಕ ಸೈಟ್ ನಂಬರ್, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದಿದ್ದರೆ ನೆಲ ನಿಮ್ಮದು. ಬೆಂಗಳೂರಿನ ಹಲವು ಗೇಟೆಡ್ ಬಡಾವಣೆಗಳ ಪತ್ರಗಳಲ್ಲಿ ಹಾಗಿರುವುದಿಲ್ಲ: 'ಎ' ಷೆಡ್ಯೂಲ್ ಇಡೀ ಜಮೀನು, 'ಬಿ' ಅದರಲ್ಲಿ ನಿಮ್ಮ ಅವಿಭಜಿತ ಪಾಲು, 'ಸಿ' ಮನೆ. ಆಗ ನೀವು ನೆಲದ ಪಾಲುದಾರರಷ್ಟೇ. ಹಿತ್ತಲಲ್ಲಿ ಕೋಣೆ ಏರಿಸುವ ಹಕ್ಕು ತಾನಾಗಿ ಬರುವುದಿಲ್ಲ. ಖಾತಾ ನೋಡಿ ಸಮಾಧಾನಪಡಬೇಡಿ, ಅದು ತೆರಿಗೆಯ ದಾಖಲೆ, ಹಕ್ಕುಪತ್ರವಲ್ಲ.

ನೆಲ ನಿಮ್ಮದಾದರೂ ರಸ್ತೆ, ಒಳಚರಂಡಿ, ಬೋರ್‌ವೆಲ್ ಸಾಮಾನ್ಯ ಸೊತ್ತಾಗಿದ್ದರೆ ಖರ್ಚಿನ ಪಾಲು ತಪ್ಪದು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 19(6)ನೇ ಕಲಂ ಅದನ್ನೇ ಹೇಳುತ್ತದೆ.

ನಿಜವಾದ ಜಗಳ ಹುಟ್ಟುವುದು ಜಂಟಿ ಗೋಡೆಯಲ್ಲಿ. ಎರಡು ತಾರಸಿ ಕೂಡುವ ಬಿರುಕಿನಿಂದ ಮಳೆನೀರು ಇಳಿದರೆ ಒಂದೇ ಕಡೆ ವಾಟರ್‌ಪ್ರೂಫಿಂಗ್ ಮಾಡಿಸಿ ಪ್ರಯೋಜನವಿಲ್ಲ, ಪಕ್ಕದವರೂ ಒಪ್ಪಬೇಕು. ಸ್ವಾಧೀನದಿಂದ 5 ವರ್ಷದೊಳಗೆ ರಚನಾ ದೋಷ ಕಂಡರೆ ಬಿಲ್ಡರಿಗೆ ಲಿಖಿತವಾಗಿ ತಿಳಿಸಿ. ರೇರಾ ಕಾಯ್ದೆಯ 14(3)ನೇ ಕಲಮಿನಂತೆ ಅವರು 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು.