ಬಂದೆ ಸಾರ್, ಬಂದೆ

ಫ್ರಿಜ್ ರಿಪೇರಿಯವರಿಗೆ ಫೋನ್ ಮಾಡಿದ್ದೆ. ಆ ಕಡೆಯ ಹೆಂಗಸಿನ ದನಿ ಬಲು ಇಂಪು. ನಿಮ್ಮ ಕರೆಗೆ 'ಶಾರ್ಟ್ಲಿ', ಅಂದರೆ ಸ್ವಲ್ಪ ಹೊತ್ತಿನಲ್ಲೇ, ಉತ್ತರಿಸುತ್ತೇವೆ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಆಮೇಲೆ ವೀಣೆ. ಮತ್ತೆ ಶಾರ್ಟ್ಲಿ. ಮತ್ತೆ ವೀಣೆ. ಕೆಟ್ಟ ಫ್ರಿಜ್ಜಿನ ನೀರು ಆಗಲೇ ಅಡುಗೆಮನೆ ಹೊಸಿಲು ದಾಟಿತ್ತು. ಫೋನನ್ನು ಸ್ಪೀಕರಿಗೆ ಹಾಕಿ, ಹಳೇ ಬನಿಯನ್ನಿನಲ್ಲಿ ನೆಲ ಒರೆಸುತ್ತಾ ಯೋಚಿಸಿದೆ: 'ಈಗಲೇ' ಅನ್ನೋಕೆ ಇಂಗ್ಲಿಷಿನಲ್ಲಿ ನಂಬಬಹುದಾದ ಒಂದು ಪದವಾದರೂ ಇದೆಯಾ?

ಇದ್ದವು. ಹಾಳು ಮಾಡಿಕೊಂಡರು. 'ಸೂನ್' ಹಳೆಯ ಇಂಗ್ಲಿಷಿನಲ್ಲಿ 'ಸೋನಾ' ಆಗಿದ್ದಾಗ ಅದರರ್ಥ ತಕ್ಷಣ. 'ಪ್ರೆಸೆಂಟ್ಲಿ'ಯೂ ಅಷ್ಟೇ, ಒಂದು ಕಾಲಕ್ಕೆ ಈ ಗಳಿಗೆಯಲ್ಲೇ ಅಂತಿತ್ತು. ಈಗ ಎರಡೂ ಇನ್ನು ಸ್ವಲ್ಪ ಹೊತ್ತಿಗೆ ಅನ್ನೋ ಮಟ್ಟಕ್ಕೆ ಇಳಿದಿವೆ. 'ಬೈ ಅಂಡ್ ಬೈ' ಅಂದರೆ ಇವತ್ತು ನಿಧಾನಕ್ಕೆ, ನೋಡೋಣ, ಆದಾಗ ಆಗಲಿ. ಆದರೆ 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದು ನೋಡಿ. ಹೆರೋದ ರಾಜನ ಮುಂದೆ ಕುಣಿದ ಹುಡುಗಿ, ಪ್ರವಾದಿ ಸ್ನಾನಿಕ ಯೋಹಾನನ ತಲೆಯನ್ನು ತಟ್ಟೆಯಲ್ಲಿಟ್ಟು 'ಬೈ ಅಂಡ್ ಬೈ' ಕೊಡು ಅನ್ನುತ್ತಾಳೆ. ಅವಳಿಗೆ ನೋಡೋಣ ಅನ್ನುವಷ್ಟು ಪುರುಸೊತ್ತು ಇರಲಿಲ್ಲ. ನಿಂತ ಕಾಲಲ್ಲೇ ಬೇಕಿತ್ತು. ಸಿಕ್ಕಿತು ಕೂಡ.

ಪಾಪ ಅನ್ನಿಸೋದು 'ಅನಾನ್'. ಮೂಲದಲ್ಲಿ 'ಒಂದರಲ್ಲಿ', ಅಂದರೆ ಒಂದೇ ಏಟಿಗೆ. ಆಮೇಲೆ ಅದೂ 'ಇನ್ನು ಸ್ವಲ್ಪ ಹೊತ್ತಿಗೆ' ಆಗಿಹೋಯಿತು. ಅದನ್ನು ಕೆಡಿಸಿದವರು ಹೋಟೆಲ್ ಮಾಣಿಗಳೇ ಅಂತ ನನ್ನ ಗುಮಾನಿ. ಶೇಕ್ಸ್‌ಪಿಯರನ 'ನಾಲ್ಕನೇ ಹೆನ್ರಿ' ನಾಟಕದ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಅಂತ ಒಬ್ಬ ಹುಡುಗ ಇದ್ದಾನೆ. ಲಂಡನ್ನಿನ ಈಸ್ಟ್‌ಚೀಪಿನ ಹೆಂಡದಂಗಡಿಯಲ್ಲಿ ಕೆಲಸ. ಜೀತ ಮುಗಿಯೋಕೆ ಇನ್ನೂ ಐದು ವರ್ಷ. ಅವನು ರಾಜಕುಮಾರ ಹ್ಯಾಲ್‌ನ ಕೈಗೆ ಒಂದು ಪೆನ್ನಿ ಬೆಲೆಯ ಸಕ್ಕರೆ ತುರುಕಿದ್ದಾನೆ, ಪ್ರೀತಿಗೆ. ಹ್ಯಾಲ್‌ಗೆ ಹೊತ್ತು ಹೋಗುತ್ತಿಲ್ಲ. ಗೆಳೆಯ ಪಾಯಿನ್ಸ್‌ನನ್ನು ಪಕ್ಕದ ಕೋಣೆಗೆ ಕಳಿಸಿ, ನಾನು ಇವನ ಜೊತೆ ಮಾತಾಡುತ್ತಿರುತ್ತೇನೆ, ನೀನು ಅಲ್ಲಿಂದ ಕೂಗುತ್ತಲೇ ಇರು ಅನ್ನುತ್ತಾನೆ. "ಫ್ರಾನ್ಸಿಸ್!" "ಅನಾನ್, ಅನಾನ್, ಸಾರ್." ಹುಡುಗ ಕದಲುವ ಹಾಗಿಲ್ಲ, ಮುಂದೆ ನಿಂತವನು ಯುವರಾಜ. ಮತ್ತೆ ಕೂಗು, ಮತ್ತೆ ಅನಾನ್. ಆ ಸಕ್ಕರೆಗೆ ಸಾವಿರ ಪೌಂಡ್ ಕೊಡುತ್ತೇನೆ, ಯಾವಾಗ ಬೇಕು ಕೇಳು ಅನ್ನುತ್ತಾನೆ ಹ್ಯಾಲ್. ಸರಿಯಾಗಿ ಅದೇ ಹೊತ್ತಿಗೆ ಒಳಗಿಂದ ಕೂಗು. ಹುಡುಗ ಅಭ್ಯಾಸಬಲದಿಂದ "ಅನಾನ್" ಅಂದುಬಿಡುತ್ತಾನೆ. ಈಗಲೇನಾ? ಬೇಡಪ್ಪ, ನಾಳೆ ತಗೋ, ಇಲ್ಲಾ ಗುರುವಾರ, ಅನ್ನುತ್ತಾನೆ ಯುವರಾಜ! ಕೊನೆಗೆ ಇಬ್ಬರೂ ಒಟ್ಟಿಗೆ ಕೂಗಿದಾಗ ಹುಡುಗ ಯಾವ ಕಡೆ ಹೋಗಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದಾನೆ. ಅಷ್ಟರಲ್ಲಿ ಸಾಹುಕಾರ ಬಂದು, ಅಷ್ಟು ಕೂಗಿದರೂ ಸುಮ್ನೆ ನಿಂತಿದ್ದೀಯಾ ಅಂತ ಅವನನ್ನೇ ಗದರುತ್ತಾನೆ.

ಜನ ಈ ದೃಶ್ಯಕ್ಕೆ ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ. ಬಿಟ್ಟಿ ಸಕ್ಕರೆ ಇಸಕೊಂಡು, ದುಡಿಯೋ ಹುಡುಗನ ಹೊತ್ತು ಹಾಳು ಮಾಡಿದವನು ಆಮೇಲೆ ಇಂಗ್ಲೆಂಡಿನ ದೊಡ್ಡ ರಾಜ. ಫ್ರಾನ್ಸಿಸ್ ಏನಾದ ಅಂತ ಯಾರೂ ಕೇಳಲ್ಲ. ನಮ್ಮ ಹೋಟೆಲ್ ಹುಡುಗರು ಅವನಿಗಿಂತ ಜಾಣರು ಅನ್ನಿ. ಅವರು 'ಬರ್ತೀನಿ' ಅನ್ನಲ್ಲ, 'ಬಂದೆ' ಅಂತಾರೆ. ಬಂದಾಗಿದೆ, ಇನ್ನು ಕೂಗೋದೇನು?

ವಿಜ್ಞಾನಿಗಳು ಮಾತ್ರ ಕಟ್ಟುನಿಟ್ಟು. ಕುರಿಮರಿ ಬಾಲ ಎರಡು ಸಲ ಅಲ್ಲಾಡಿಸುವಷ್ಟರಲ್ಲಿ ಅಂತ ಇಂಗ್ಲಿಷಿನಲ್ಲಿ ಒಂದು ಮಾತಿದೆ. ಎರಡನೇ ಮಹಾಯುದ್ಧದಲ್ಲಿ ಅಣುಬಾಂಬ್ ಮಾಡಿದವರು ಆ ಅಲ್ಲಾಟವನ್ನೇ ಅಳತೆ ಮಾಡಿಕೊಂಡರು. ಒಂದು 'ಶೇಕ್' ಅಂದರೆ 10 ನ್ಯಾನೊಸೆಕೆಂಡ್, ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಫ್ರಿಜ್ ರಿಪೇರಿಗೆ ಇಲ್ಲದ ಅವಸರ ಬಾಂಬಿಗೆ ಹೇಗೆ ಬಂತೋ.

'ಮೊಮೆಂಟ್'ಗೂ ಹಿಂದೆ ಲೆಕ್ಕ ಇತ್ತು. ಎಂಟನೇ ಶತಮಾನದ ಇಂಗ್ಲೆಂಡಿನ ಸನ್ಯಾಸಿ ಬೀಡ್ ಬರೆದಿಟ್ಟ ಪ್ರಕಾರ ಗಂಟೆಗೆ 40 ಮೊಮೆಂಟು. ಈಗಿನ ಗಂಟೆಯಾದರೆ ತಲಾ 90 ಸೆಕೆಂಡ್. ಆದರೆ ಆಗಿನ ಗಂಟೆ ಹಗಲನ್ನು ಹನ್ನೆರಡು ಪಾಲು ಮಾಡಿದ್ದು, ಹಗಲು ಬೆಳೆದರೆ ಅದೂ ಬೆಳೆಯುತ್ತಿತ್ತು. ಹಾಗಾಗಿ ಅಲ್ಲಿ ಜೂನ್ ಮಧ್ಯಾಹ್ನ 'ಒಂದು ಮೊಮೆಂಟ್ ಇರಿ' ಅಂದವನು, ಡಿಸೆಂಬರಿನಲ್ಲಿ ಅಂದವನಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕಾಯಿಸಬಹುದಿತ್ತು. ಅದೂ ನ್ಯಾಯವಾಗಿ.