ಬಿಸಿಲಿಗೊಂದು ಅರ್ಜಿ

ಮುಂಬೈಯಲ್ಲಿ ಬಿಸಿಲಿಗೆ ಬರ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಕಾರ್ಕಳದಿಂದ ಬಂದ ಅಮ್ಮನೂ ನಂಬಲಿಲ್ಲ. ಎಂಟು ತಿಂಗಳ ಮೊಮ್ಮಗಳಿಗೆ ಎಣ್ಣೆ ಹಚ್ಚಿ, "ಸ್ವಲ್ಪ ಎಳೆಬಿಸಿಲಿಗೆ ಹಿಡಿದು ಬರ್ತೇನೆ" ಎಂದು ಹೊರಟರು. ಮುಲುಂಡಿನಲ್ಲಿ ನಮ್ಮದು ಎರಡನೇ ಮಹಡಿ. ಪೂರ್ವಕ್ಕೆ ಒಂದು ಟವರ್, ಪಶ್ಚಿಮಕ್ಕೆ ಇನ್ನೊಂದು. ನಡುವೆ ಸೂರ್ಯ ಲೋಕಲ್ ಟ್ರೈನಿನ ಹಾಗೆ ಮಧ್ಯಾಹ್ನ ಬರುತ್ತಾನೆ, ನಾವು ಹತ್ತುವುದರೊಳಗೆ ಹೊರಟುಬಿಡುತ್ತಾನೆ. ಟವರಿನ ಜಾಹೀರಾತಿನಲ್ಲಿ ಮಾತ್ರ 'ಸನ್‌ರೈಸ್ ಡೆಕ್' ಇದೆ. ನಮ್ಮ ಪಾಲಿನ ಬಿಸಿಲನ್ನೇ ಮೇಲೆ ಒಯ್ದು ಚದರಡಿ ಲೆಕ್ಕದಲ್ಲಿ ಮಾರುತ್ತಿದ್ದಾರೆ.

ಉಳಿದದ್ದು ಟೆರೇಸ್. ಅದಕ್ಕೆ ಬೀಗ. ಕೀಲಿ ಸೊಸೈಟಿ ಸೆಕ್ರೆಟರಿ ಹತ್ತಿರ. ಅವರು ಕುಂದಾಪುರ ಕಡೆಯವರು. ಅಂದರೆ 'ಆಗುವುದಿಲ್ಲ' ಎನ್ನುವುದನ್ನು ಕನ್ನಡದಲ್ಲೇ ಹೇಳುತ್ತಾರೆ, ಅಷ್ಟೇ ಲಾಭ.

"ಅಮ್ಮಾ, ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಬಿಸಿಲು ಕೇಳ್ತಾರೆ. ಒಂದು ಅರ್ಜಿ ಕೊಡಿ."

ಅರ್ಜಿ ಕಮಿಟಿಗೆ ಹೋಯಿತು. ಮಗು ದಿನಕ್ಕೆ ಎಷ್ಟು ನಿಮಿಷ ಬಿಸಿಲು ಬಳಸುತ್ತದೆ? ಬಾಡಿಗೆಯವರ ಮಗುವೋ, ಓನರ್ ಮಗುವೋ? ಮೇಂಟೆನೆನ್ಸ್ ಬಿಲ್ಲಿನಲ್ಲಿ ಇದನ್ನು ಯಾವ ಸಾಲಿಗೆ ಸೇರಿಸುವುದು ಎಂದು ಖಜಾಂಚಿಗೆ ಚಿಂತೆ. "ಬಾಲ್ಕನಿಯಲ್ಲೇ ಕೂರಿಸಿ" ಎಂದರು ಒಬ್ಬರು. ಬಾಲ್ಕನಿಗೆಲ್ಲ ಗಾಜು ಹಾಕಿಸಿ ನಾವು ಹಾಲ್ ದೊಡ್ಡದು ಮಾಡಿಕೊಂಡು ಎಷ್ಟೋ ವರ್ಷವಾಯಿತು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿ-ಬಿ ಕಿರಣ ಆ ಗಾಜು ದಾಟುವುದಿಲ್ಲ. ಸೆಖೆ ಮಾತ್ರ ಧಾರಾಳ ದಾಟುತ್ತದೆ.

ಈ ನಡುವೆ ಬಿಲ್ಡಿಂಗಿನ ತಾಯಂದಿರ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಫಾರ್ವರ್ಡ್ ಹಾಕಿದರು: ವಿಟಮಿನ್ ಡಿ ಕಡಿಮೆಯಾದರೆ ಮಗುವಿನ ಭಾವನೆಗಳು ಬೆಳೆಯುವುದಿಲ್ಲ! ಅವತ್ತಿನಿಂದ ಮಗು ಅತ್ತರೆ ವಿಟಮಿನ್ ಡಿ, ಕಚ್ಚಿದರೆ ವಿಟಮಿನ್ ಡಿ, ಪಕ್ಕದ ಮನೆಯ ಮಗುವಿನ ಆಟಿಕೆ ಕಿತ್ತುಕೊಂಡರೂ ವಿಟಮಿನ್ ಡಿ. ದೊಡ್ಡವರು ವಾರಕ್ಕೊಮ್ಮೆ ತಿನ್ನುವ 60,000 ಯೂನಿಟ್ಟಿನ ಪುಡಿಯನ್ನೇ ಎರಡು ವರ್ಷದ ಮಗನ ಹಠಕ್ಕೆ ಕೊಡಬಹುದಾ ಎಂದು ಒಬ್ಬರು ಕೇಳಿದರು. ಹತ್ತಿರದ ಪ್ಲೇಸ್ಕೂಲು ಸುಮ್ನೆ ಕೂರುತ್ತದೆಯೇ? 'ಭಾವನಾತ್ಮಕ ಬೆಳವಣಿಗೆ' ಕ್ಲಾಸು ಶುರು ಮಾಡಿತು. ಬೇಸ್‌ಮೆಂಟಿನಲ್ಲಿ, ಎಸಿ ಹಾಕಿ. ಗೋಡೆ ಮೇಲೆ ನಗುವ ಸೂರ್ಯನ ಚಿತ್ರ ಇದೆ.

ನಮ್ಮ ಮಕ್ಕಳ ಡಾಕ್ಟರು ಪಾಪ, ಬಂದವರಿಗೆಲ್ಲ ಅದೇ ಹೇಳಿ ಸುಸ್ತಾಗಿದ್ದರು. ಮೊದಲ ವರ್ಷ ದಿನಕ್ಕೆ 400 ಯೂನಿಟ್, ಅಂದರೆ 10 ಮೈಕ್ರೋಗ್ರಾಂ. ತಾಯಿಹಾಲಿನಲ್ಲಿ ಅಷ್ಟು ಇರುವುದಿಲ್ಲ, ಅದಕ್ಕೇ ಡ್ರಾಪ್ಸ್. ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್ ಬರಬಾರದಲ್ವಾ. "ಮನಸ್ಸಿಗೂ ಇದಕ್ಕೂ ನಂಟು ಇದೆಯಾ ಅಂತ ಸಂಶೋಧನೆ ನಡೆಯುತ್ತಿದೆ. ಆದರೆ ಇದು ಹಠದ ಔಷಧಿ ಅಲ್ಲ. ಜಾಸ್ತಿ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ." ಆಮೇಲೆ ಅಮ್ಮನ ಕಡೆ ತಿರುಗಿ, ಎಳೆಬಿಸಿಲಿನಲ್ಲಿ ಯುವಿ-ಬಿ ಕಡಿಮೆ ಎಂದೂ ಹೇಳಿದರು. ಅಮ್ಮ ಡಾಕ್ಟರನ್ನು ಆಗಲೇ ಮನಸ್ಸಿನಿಂದ ತೆಗೆದುಹಾಕಿದರು.

ಡ್ರಾಪ್ಸ್ ಹಾಕುತ್ತಿದ್ದೇವೆ. ಅರ್ಜಿ ಸೊಸೈಟಿಯ ಮುಂದಿನ ವಾರ್ಷಿಕ ಸಭೆಗೆ, ಅಂದರೆ ಎಜಿಎಂಗೆ ಹೋಗಿದೆ. ಅಮ್ಮ ಕಾಯಲಿಲ್ಲ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು, ಸ್ಟೇಷನ್ನಿನಲ್ಲಿ ಚಾವಣಿ ಮುಗಿಯುವ ತುದಿಗೆ ಮೊಮ್ಮಗಳನ್ನು ಎತ್ತಿಕೊಂಡು ಹೋಗುತ್ತಾರೆ. ಎರಡು ಗಂಟೆ ನಡೆಯುವ ಟಿಕೆಟ್, ಹತ್ತು ನಿಮಿಷ ಸಾಕು. ನಿನ್ನೆ ಅಲ್ಲಿ ಇನ್ನೊಬ್ಬರು ಮೊಮ್ಮಗನನ್ನು ಹಿಡಿದು ನಿಂತಿದ್ದರಂತೆ, ಜೇಬಿನಲ್ಲಿ ಟೆರೇಸಿನ ಕೀಲಿ.

"ಏನು ಮಾಡುವುದು ಅಮ್ಮಾ, ನನ್ನ ಅರ್ಜಿಯೂ ಪಾಸಾಗಿಲ್ಲ" ಎಂದರಂತೆ ಸೆಕ್ರೆಟರಿ.